‘ಕಟ್’ ಪದದ ಮೂಲ ಬಲ್ಲ ಮರುಳಸಿದ್ದಮ್ಮ ಮೇಡಂ

ಯಾರ ಬಾಯಿಂದಲಾದರೂ ಇಂಗ್ಲಿಷ್ ಪದವೊಂದು ಜಾರಿದರೆ ಸಾಕು, ಮರುಳಸಿದ್ದಮ್ಮ ಮೇಡಂ ನಡೆಯುತ್ತಿದ್ದವರು ಗಕ್ಕನೆ ನಿಂತು, ಕೊಡೆಯ ತುದಿಯನ್ನು ನೆಲಕ್ಕೆ ಕುಟ್ಟಿ, “ಅದರ ಅರ್ಥ ಹೇಳು, ಹುಟ್ಟಿದ್ದೆಲ್ಲಿ ಹೇಳು” ಎನ್ನುತ್ತಿದ್ದರು. ಹರಿಹರದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ತಂಗಿಯ ಮಗಳು ಕೃತಿಕಾಳೊಡನೆ ನೆಲೆಸಿದ ಮೇಲೂ ಆ ಹಟ, ಬೇಸಿಗೆಯಲ್ಲೂ ಅವರು ಕಳಚದ ಬೂದುಬಣ್ಣದ ಸ್ವೆಟರಿನಂತೆ, ಮೈಗೆ ಅಂಟಿಕೊಂಡೇ ಇತ್ತು.

ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಳೆದುಕೊಂಡಿದ್ದ ಎಡಗಾಲಿಗೆ ಚಪ್ಪಲಿಯ ಮೊಳೆ ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ಎರಡು ಬೆರಳು ಕಪ್ಪಾದಾಗ ಕೃತಿಕಾ ಅವರನ್ನು ಪಿ.ಜೆ. ಬಡಾವಣೆಗೆ, ಅವರ ಹಳೆಯ ವಿದ್ಯಾರ್ಥಿ ಡಾಕ್ಟರ್ ವೀರೇಶನ ಬಳಿಗೆ ಕರೆದೊಯ್ದಳು. ಆತ ಅಳುಕುತ್ತಲೇ ಹೇಳಿದ: “ಎರಡು ಬೆರಳು ಕಟ್ ಮಾಡ್ಬೇಕಾಗ್ತೈತ್ರಿ ಮೇಡಂ, ಇವತ್ತೇ.”

“ಕಟ್ ಅಂದ್ರೇನೋ? ಎಲ್ಲಿಂದ ಬಂತು?”

ಆತ ಕೈಕಟ್ಟಿ ನಿಂತ. ಮೇಡಂ ಪಾಠ ಆರಂಭಿಸಿಯೇಬಿಟ್ಟರು: ಹಳೆಯ ಇಂಗ್ಲಿಷಿನ ಗ್ರಂಥಗಳಲ್ಲಿ ಆ ಪದದ ಸುಳಿವಿಲ್ಲ, ಸುಮಾರು ಏಳುನೂರು ವರ್ಷಗಳ ಹಿಂದೆ ಬರಹದಲ್ಲಿ ಕಾಣಿಸಿಕೊಂಡು, ಕೊಯ್ಯುವುದಕ್ಕೂ ಕಡಿಯುವುದಕ್ಕೂ ಇದ್ದ ಹಳೆಯ ಮಾತುಗಳನ್ನು ಪಕ್ಕಕ್ಕೆ ಸರಿಸಿತು, ನಾರ್ವೆ, ಸ್ವೀಡನ್ನಿನ ಕಡೆಯಿಂದ ಬಂದಿರಬಹುದೆಂಬುದು ಊಹೆಯಷ್ಟೇ, ಮೂಲ ಖಚಿತವಿಲ್ಲ. “ಅಪ್ಪ ಅವ್ವ ಯಾರಂತ ಗೊತ್ತಿಲ್ಲದ ಮಾತು, ಅದನ್ನ ನಂಬಿ ಬೆರಳು ಕೊಡ್ಲೇನೋ?” ಎಂದು ನಕ್ಕು, ಕೊಡೆಯೂರಿ ಹೊರಬಂದು ಆಟೋ ಹತ್ತಿದರು. ವೀರೇಶ ತಡೆಯಲಿಲ್ಲ.

“ದೊಡ್ಡವ್ವ, ಹೋಗಣ ಬಾ” ಎಂದು ಕೃತಿಕಾ ದಿನವೂ ಅತ್ತಳು. “ಬ್ಯಾಡ, ಮಾಯ್ತೈತೆ” ಎನ್ನುತ್ತ ಅವರು ನಿಘಂಟು ತೆರೆದು ಕೂರುತ್ತಿದ್ದರು. ಪುಟ ಮಾತ್ರ ಮಗುಚುತ್ತಿರಲಿಲ್ಲ. ಹನ್ನೊಂದನೆಯ ದಿನ ಜ್ವರ ನೆತ್ತಿಗೇರಿ ಪ್ರಜ್ಞೆ ತಪ್ಪಿತು. ವೀರೇಶನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರಕ್ಕೆ ಕೃತಿಕಾ ಸಹಿ ಹಾಕಿದಳು. ಬೆರಳುಗಳಷ್ಟೇ ಹೋಗಬೇಕಿದ್ದಲ್ಲಿ ಮೊಣಕಾಲಿನವರೆಗೆ ಕಾಲೇ ಹೋಯಿತು.

ಎಚ್ಚರವಾದ ಮೇಲೆ ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ವೀರೇಶನಿಗೆ ಹೇಳಿದರು: “ಅವತ್ತು ನಂಗೆ ಅಂಜಿಕೆ ಆಗಿತ್ತಪ್ಪ. ಅದನ್ನ ಹೇಳ್ಬೇಕಿತ್ತು. ಪಾಠ ಹೇಳಿದೆ.”

“ನಾನು ತಡೀಬೇಕಿತ್ರಿ ಮೇಡಂ,” ಎಂದ ವೀರೇಶ. “ನಿಮ್ಮ ಮುಂದೆ ನಿಂತ ಕೂಡ್ಲೇ ಎಂಟನೇ ಕ್ಲಾಸಿನೋನಾಗಿಬಿಟ್ಟೆ.”

ಬಹಳ ಓದಿಕೊಂಡವರಲ್ಲಿ ಇಂಥದ್ದೊಂದು ಕುಲವಿದೆ. ಅವರ ವಿದ್ಯೆಯೂ ನಿಜ, ಅದರ ಮೇಲಿನ ಪ್ರೀತಿಯೂ ನಿಜ. ಭಯ ಎದುರಿಗೆ ಬಂದು ನಿಂತಾಗ ಮಾತ್ರ, ಅಂಜಿದೆನೆಂದು ಒಪ್ಪಿಕೊಳ್ಳುವ ಆ ಒಂದು ಮಾತು ಅವರಿಗೆ ಒದಗುವುದಿಲ್ಲ. ತಮಗೆ ತಿಳಿದದ್ದನ್ನು ಹೇಳುತ್ತ ಹೋಗುತ್ತಾರೆ, ಸುತ್ತಲಿನವರು ಗೌರವದಿಂದ ಕೈಕಟ್ಟಿ ಕೇಳುತ್ತಿರುತ್ತಾರೆ.