ಎಡಗಣ್ಣಿನ ಬಣ್ಣ

ಅವಳಿಗೆ ಎಡಗಣ್ಣು ಇರಲಿಲ್ಲ. ಕೃತಕ ಕಣ್ಣು ಮಾಡುವವನ ಮೇಜಿನ ಮುಂದೆ, ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಅವನು ಅವಳ ಬಲಗಣ್ಣನ್ನು ನೋಡಿ ನೋಡಿ, ಅಂಗಿಯ ಗುಂಡಿಯಷ್ಟಿದ್ದ ಬಿಲ್ಲೆಯ ಮೇಲೆ ಕಂದು ಬಣ್ಣದ ಗೆರೆಗಳನ್ನು ಎಳೆಯುತ್ತಿದ್ದ. ಈ ಕೆಲಸ ಹಗಲ ಬೆಳಕಿನಲ್ಲೇ ಆಗಬೇಕು. ದೀಪದ ಕೆಳಗೆ ಹೊಂದಿದ ಬಣ್ಣ ಬೀದಿಗೆ ಬಂದಾಗ ಕೈಕೊಡುತ್ತದೆ.

ಗಂಡ ಪಕ್ಕದ ಸ್ಟೂಲಿನ ಮೇಲಿದ್ದ. ಬಟ್ಟೆ ಅಂಗಡಿಯವನು, ಮಾತುಗಾರ. ಯಾರೂ ಕೇಳದಿದ್ದರೂ ಹೇಳಿದ್ದ: ಮೆಟ್ಟಿಲಲ್ಲಿ ಕಾಲು ಜಾರಿತು, ಕೆಳಗೆ ಬಕೆಟ್ಟಿತ್ತು, ತಾನು ಬೇಡ ಬೇಡವೆಂದರೂ ಇವಳು ಒದ್ದೆ ಕಾಲಲ್ಲಿ ಇಳಿದಳು. ಹೇಳುವಾಗ ಎದ್ದು ನಿಂತು ಜಾರಿ ತೋರಿಸಿದ್ದ. ಈ ಕಸುಬಿಗೆ ಬಂದ ಮೇಲೆ ಕಣ್ಣು ಮಾಡುವವನು ಬಹಳ ಮೆಟ್ಟಿಲುಗಳ ಕಥೆ ಕೇಳಿದ್ದ.

"ಕಂದು ಅಂದ್ರೆ ಒಂದೇ ಕಂದಲ್ಲ ಸಾರ್," ಎಂದ ಗಂಡ. "ನಮ್ಮ ಗಿರಾಕಿಗಳು ಕಂದು ಬೇಕು ಅಂತ ಇಪ್ಪತ್ತು ಥಾನು ಬಿಚ್ಚಿಸ್ತಾರೆ, ಕೊನೆಗೆ ಕಪ್ಪು ತಗೊಂಡು ಹೋಗ್ತಾರೆ."

ಕಣ್ಣು ಮಾಡುವವನು ನಕ್ಕ. ಬಣ್ಣ ಒಣಗಿದರೆ ಮಂಕಾಗಿ ಕಾಣುತ್ತದೆ, ಮೇಲೊಂದು ಹನಿ ನೀರು ಬಿಟ್ಟರೇ ಅದರ ನಿಜ ತಿಳಿಯುವುದು ಎಂದು ಹನಿ ಬಿಟ್ಟು ತೋರಿಸಿದ. ಗಂಡ ತಲೆದೂಗಿದ. ಅಷ್ಟರಲ್ಲಿ ಫೋನ್ ಬಂತು; ಎದ್ದು ಹೊರಗೆ ಹೋದ.

ಅವಳು ಬಾಗಿಲ ಕಡೆ ತಿರುಗಿ ನೋಡಿದಳು. "ಅಣ್ಣಾ, ಬಣ್ಣ ತಪ್ಪಿಸಿ," ಎಂದಳು.

"ಏನಮ್ಮಾ?"

"ಹೊಂದೋದು ಬೇಡ. ಬೂದಿ ಬಣ್ಣ ಹಚ್ಚಿ, ಬೆಕ್ಕಿನ ಕಣ್ಣಿನ ಥರ. ಕಣ್ಣಿಗೆ ಬಟ್ಟೆ ಕಟ್ಕೊಂಡಿದ್ದಾಗ ಮನೆಗೆ ಬಂದವರೆಲ್ಲ ಏನಾಯ್ತು ಅಂತ ಕೇಳ್ತಿದ್ರು. ಹಾಲಿನವನೂ ಕೇಳ್ದ. ಜನ ಕೇಳ್ತಾ ಇರೋವರೆಗೂ ಇವರು ಕೈ ಎತ್ತಲಿಲ್ಲ."

"ಅವರಿಗೆ ಗೊತ್ತಾಗುತ್ತಲ್ಲಮ್ಮ. ಬಣ್ಣ ನೋಡೋದೇ ಅವರ ಕೆಲಸ."

"ಕೈ ತಪ್ಪಿತು ಅನ್ನಿ. ನಿಮ್ಮನ್ನೇನೂ ಹೊಡೆಯಲ್ಲ."

ಅವನು ಕುಂಚ ತೊಳೆದ, ಒರೆಸಿದ, ಮತ್ತೆ ತೊಳೆದ. ಆಮೇಲೆ ಅದರ ತುದಿಗೆ ಬೂದಿ ಬಣ್ಣ ತೆಗೆದುಕೊಂಡು ಕಂದು ಗೆರೆಗಳ ಮೇಲೆ ಎಳೆದ. ಬೆಕ್ಕಿನ ಕಣ್ಣಾಗುವಷ್ಟಲ್ಲ, ಅಷ್ಟು ಧೈರ್ಯ ಅವನಿಗಿರಲಿಲ್ಲ. ಎದುರು ನಿಂತು ಮಾತಾಡಿದವರಿಗೆ ಎಲ್ಲೋ ಏನೋ ಸರಿಯಿಲ್ಲ ಎನಿಸುವಷ್ಟು.

"ಇನ್ನೂ ಸ್ವಲ್ಪ," ಎಂದಳು ಅವಳು.

ಗಂಡ ಒಳಗೆ ಬಂದವನೇ ಬಿಲ್ಲೆ ಎತ್ತಿ ಅವಳ ಕೆನ್ನೆಯ ಹತ್ತಿರ ಹಿಡಿದ. "ಬಣ್ಣಗೆಟ್ಟಿದೆಯಲ್ಲ ಸಾರ್."

"ಒಣಗಿದೆ. ಹಾಗೆ ಕಾಣುತ್ತೆ."

"ಹೌದಾ. ಹಾಗಾದ್ರೆ ಒಂದು ಹನಿ ನೀರು ಬಿಡಿ, ನೋಡೋಣ."

ಕಣ್ಣು ಮಾಡುವವನು ಬಿಟ್ಟ. ಹನಿಯ ಕೆಳಗೆ ಬೂದಿ ಇನ್ನೂ ಎದ್ದು ಕಂಡಿತು. ಗಂಡ ಅವನ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ. "ಇವಳೇನಾದ್ರೂ ಹೇಳಿದಳಾ?" ಎಂದು ನಗುತ್ತಲೇ ಕೇಳಿದ.

"ಇಲ್ಲ ಇಲ್ಲ. ನನ್ನ ಕೈಯೇ ತಪ್ಪಿತು. ಅಳಿಸಿ ಹಚ್ತೀನಿ."

ಅಳಿಸಿ ಹಚ್ಚಿದ. ಆ ವರ್ಷ ಅವನು ಮಾಡಿದ ಕೆಲಸಗಳಲ್ಲಿ ಅದರಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ.

ಮರುದಿನ ಕಣ್ಣು ಕೂರಿಸಿದ ಮೇಲೆ ಗಂಡ ಅವಳನ್ನು ಹೊರಗೆ ಕರೆತಂದು, ಬೆಂಚಿನ ಮೇಲೆ ಸರದಿಗೆ ಕಾದಿದ್ದ ಮುದುಕಿಯ ಮುಂದೆ ನಿಲ್ಲಿಸಿದ. "ಅಜ್ಜಿ, ಇವಳ ಯಾವ ಕಣ್ಣು ಅಸಲಿ ಹೇಳಿ ನೋಡೋಣ."

ಮುದುಕಿ ಕುತ್ತಿಗೆ ಚಾಚಿ ಅವಳ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಇದು," ಎಂದು ಎಡಗಣ್ಣು ತೋರಿಸಿದಳು. "ಆ ಬಲಗಡೇದು ಸ್ವಲ್ಪ ಮಂಕು. ಅದರಲ್ಲಿ ಜೀವ ಇಲ್ಲಪ್ಪ."

ಬೆಂಚಿನವರೆಲ್ಲ ನಕ್ಕರು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕು, ಒಳಗೆ ಬಂದು ಕಣ್ಣು ಮಾಡುವವನ ಕೈ ಕುಲುಕಿದ.

ಕಣ್ಣು ಮಾಡುವವನು ಕಿಟಕಿಯಿಂದ ನೋಡಿದ. ಇಬ್ಬರೂ ರಸ್ತೆ ದಾಟುತ್ತಿದ್ದರು. ಗಂಡ ಅವಳ ಎಡಕ್ಕೆ, ಅವಳಿಗೆ ಕಾಣದ ಕಡೆಗೆ ನಡೆಯುತ್ತಿದ್ದ. ಬಸ್ ನಿಲ್ದಾಣದಲ್ಲಿ ಏಳು ಜನ ನಿಂತಿದ್ದರು. ಒಬ್ಬರೂ ಅವಳನ್ನು ಎರಡನೇ ಸಲ ನೋಡಲಿಲ್ಲ.