ಏಕಾದಶಿ ಹಿಡಿದ ಮೀನುಗಳು

ಸಾಂತಾಕ್ರೂಜ್ ಸ್ಟೇಷನ್ನಿನ ಎದುರಿಗಿದ್ದ ಮೋನಪ್ಪ ಧಣಿಯ ಹೋಟೆಲಿನಲ್ಲಿ ಕುಡಿಯುವ ನೀರಿನ ಹಂಡೆಯನ್ನು ದೂಜ ಮುಟ್ಟುವಂತಿರಲಿಲ್ಲ. ಅವನದು ಎಂಜಲು ತಟ್ಟೆಯ ಕೈ, ಜಾತಿಯೂ ಅಂಥದ್ದೇ. ಅದೇ ಕೈ ಗಾಜಿನ ತೊಟ್ಟಿಯ ಉಪ್ಪುನೀರಿಗೆ ಇಳಿದರೆ ಮಾತ್ರ ಮೈಲಿಗೆಯಿಲ್ಲ. ಅದರಲ್ಲಿ ಬದುಕುವವು ಮೀನುಗಳು. ಅವು ಯಾರ ಜಾತಿಯನ್ನೂ ಕೇಳಿದ್ದಿಲ್ಲ.

ಹಡಗಿನ ಕೆಲಸದಲ್ಲಿದ್ದ ಧಣಿಯ ಭಾವ ಹವಳದ ಕಲ್ಲುಗಳನ್ನೂ ಆರು ಪಟ್ಟೆ ಮೀನುಗಳನ್ನೂ ತಂದುಕೊಟ್ಟಿದ್ದ. ಜುಹೂ ಕಡಲಿನಿಂದ ಡಬ್ಬಿಗಟ್ಟಲೆ ನೀರು ಹೊತ್ತವನು ದೂಜ. ಎರಡೇ ತಿಂಗಳಲ್ಲಿ ಆ ನೀರು ಬೆಳ್ಳಗೆ ಕದಡಿ, ಮೀನು ಯಾವುದು ಕಲ್ಲು ಯಾವುದು ತಿಳಿಯದಂತಾಯಿತು.

"ಎಂತದಾ ಇದು, ಮೀನಿನ ತೊಟ್ಟಿಯಾ, ಮಜ್ಜಿಗೆ ಪಾತ್ರೆಯಾ?" ಧಣಿ ಗಲ್ಲಾದಿಂದಲೇ ಕೇಳಿದ. "ಗಿರಾಕಿಗಳು ನಗ್ತಾರೆ. ಹಿಂದೆ ಪೇಪರ್ ಹಿಡಿದ್ರೆ ಈಚೆಯಿಂದ ಓದ್ಲಿಕ್ಕೆ ಆಗ್ಬೇಕು. ಆವತ್ತೇ ನೀನು ಸಪ್ಲಾಯರ್, ಜಾತಿ ಕೇಳುದಿಲ್ಲ. ಇಲ್ಲಾಂದ್ರೆ ಸಾಯೋ ತನಕ ತಟ್ಟೆ ತೊಳಿ."

ಆರು ವರ್ಷದಿಂದ ದೂಜ ಕಾದಿದ್ದ ಮಾತು ಅದು. ಹೆಗಲಿಗೊಂದು ಬಿಳಿ ವಸ್ತ್ರ, ತಟ್ಟೆ ತೊಳೆಯುವ ಮೋರಿಯಿಂದ ಆಚೆ ಹತ್ತು ಹೆಜ್ಜೆ.

ಸ್ಟೌ ರಿಪೇರಿಯ ಚಾಂದಸಾಬ ಉಪಾಯ ಹೇಳಿದ. "ನೀರ ಕಲಕಬ್ಯಾಡೋ ತಮ್ಮಾ. ಹೊಸಾ ರಬ್ಬರ್ ನಳಿಗಿ ತಳಕ್ಕ ಬಿಟ್ಟು ಬಾಯಿಲೆ ಎಳಿ. ರಾಡಿ ಅಷ್ಟ ಬಕೀಟಿಗೆ ಬರ್ತದ."

ದೂಜ ಎಳೆದ. ಮೊದಲ ಸಲ ಅರ್ಧ ಕಡಲು ಬಾಯಿಗೇ ಬಂತು. ಆಮೇಲೆ ಕೆಸರು ಬಕೆಟ್ಟಿಗೆ ಇಳಿಯಿತು. ಹೊಸ ಕಡಲ ನೀರನ್ನು ಒಂದು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿ ತುಂಬಿದ. ಸಂಜೆಗೆ ಕಲ್ಲು ಕಂಡಿತು. ಮರುದಿನ ಮಧ್ಯಾಹ್ನಕ್ಕೆ ಮತ್ತೆ ಮಜ್ಜಿಗೆ.

ಹೀಗೇ ಎರಡು ವಾರ. ಒಂದು ಬೆಳಿಗ್ಗೆ ನೋಡಿದರೆ ನೀರು ಕನ್ನಡಿಯಂತೆ ತಿಳಿಯಾಗಿತ್ತು. ದೂಜ ಗೋಡೆಯ ಕ್ಯಾಲೆಂಡರ್ ನೋಡಿದ. ಹಿಂದಿನ ದಿನ ಏಕಾದಶಿ.

ಧಣಿ ದಿನಾ ಮೊದಲ ಹಬೆಯ ಎರಡು ಇಡ್ಲಿಗಳನ್ನು ಶ್ಲೋಕ ಹೇಳುತ್ತ ತೊಟ್ಟಿಗೆ ಪುಡಿಮಾಡುತ್ತಿದ್ದ. ಏಕಾದಶಿಯಂದು ತಾನೂ ಅಕ್ಕಿ ಮುಟ್ಟುತ್ತಿರಲಿಲ್ಲ, ಮೀನಿಗೂ ಹಾಕುತ್ತಿರಲಿಲ್ಲ. ಅದು ಎಪ್ಪತ್ತಮೂರರ ಅಕ್ಕಿ ಬರದ ವರ್ಷ. ಆ ನೆಪದಲ್ಲಿ ಹಿಟ್ಟು ರುಬ್ಬುವ ಶೀಲಾವತಿಗೂ ಪಾತ್ರೆ ತಿಕ್ಕುವ ಕೊರಗನಿಗೂ ಬೆಳಗಿನ ಎರಡು ಇಡ್ಲಿ ಒಂದಾಗಿತ್ತು. ಮೀನಿನ ಪಾಲು ಮಾತ್ರ ಕಡಿಮೆಯಾಗಿರಲಿಲ್ಲ.

ನಿಮ್ಮ ಪುಣ್ಯವೇ ತಳದಲ್ಲಿ ಕೊಳೆಯುತ್ತಿದೆ ಎಂದು ಧಣಿಗೆ ಹೇಳಿದರೆ ಮೋರಿಯೂ ಕೈತಪ್ಪುತ್ತದೆ. ದೂಜ ಕೈಕಟ್ಟಿ ನಿಂತ.

"ಧಣಿ, ಏಕಾದಶಿ ಮಾಡಿದ ಮೇಲೆ ಮೀನುಗಳಿಗೆ ಎಂತ ಕಳೆ ನೋಡಿ. ಅವಕ್ಕೆ ದಿನಾ ವ್ರತ ಬೇಕು ಅಂತ ಕಾಣ್ತದೆ."

ಧಣಿ ಕನ್ನಡಕ ಸರಿಸಿದ. "ಮೀನು ವ್ರತ ಮಾಡ್ತದಾ?"

"ಮತ್ಸ್ಯಾವತಾರದ ಕುಲ ಅಲ್ವಾ ಧಣಿ."

ಧಣಿ ತೊಟ್ಟಿಗೆ ಅರ್ಧ ಕೈಮುಗಿದ. "ಮತ್ತೆ ಆ ಇಡ್ಲಿ?"

"ನೈವೇದ್ಯ ಹಾಳಾಗ್ಬಾರ್ದು. ಹಸಿದವರಿಗೆ ಕೊಟ್ರೂ ದೇವರಿಗೆ ಸಲ್ತದೆ."

"ಹಸಿದವರನ್ನ ಎಲ್ಲಿ ಹುಡುಕೋದು ಮಾರಾಯ?"

"ಅಷ್ಟು ದೂರ ಹೋಗ್ಬೇಕಾಗಿಲ್ಲ ಧಣಿ. ನಾನು ನೋಡ್ಕೊಳ್ತೇನೆ."

ಉಪವಾಸದಿಂದ ಮೀನು ಸಾಯಬಾರದಲ್ಲ. ದೂಜ ದಿನಾ ಬೆಳಿಗ್ಗೆ ಮೀನು ಮಾರುವ ಹೆಂಗಸಿನ ಬುಟ್ಟಿಯಿಂದ ಚಿಟಿಕೆ ಸಿಗಡಿಯನ್ನು ಜೇಬಿನಲ್ಲಿ ಅಡಗಿಸಿ ತಂದು, ಜಜ್ಜಿ, ಧಣಿ ಬರುವ ಮೊದಲೇ ತಿನ್ನಿಸುತ್ತಿದ್ದ. ತೊಟ್ಟಿಯ ಮೇಲೆಯೇ 'ಶುದ್ಧ ಶಾಕಾಹಾರಿ' ಎಂಬ ಬೋರ್ಡು.

ಎಂಟನೆಯ ದಿನ ಧಣಿ ತೊಟ್ಟಿಯ ಹಿಂದೆ ಪೇಪರ್ ಹಿಡಿದ. ರಾತ್ರಿಶಾಲೆಯಲ್ಲಿ ಓದು ಕಲಿತಿದ್ದ ದೂಜ ಹೋಟೆಲಿಗೆಲ್ಲ ಕೇಳುವಂತೆ ಓದಿದ: "'ಅನ್ನ ಕಡಿಮೆ ತಿನ್ನಿ: ಮಂತ್ರಿಗಳ ಕರೆ.'"

"ಸಾಕು ಸಾಕು, ಗಿರಾಕಿಗಳಿದ್ದಾರೆ," ಎಂದು ಧಣಿ ಬಿಳಿ ವಸ್ತ್ರ ಎಸೆದ.

ದೂಜ ಅದನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ತನ್ನ ಮೊದಲ ಆರ್ಡರ್ ಕೂಗಿದ: "ಎರಡು ಇಡ್ಲಿ."

"ಯಾವ ಟೇಬಲ್ಲಿಗೆ?" ಅಡುಗೆ ಭಟ್ಟರು ಕೇಳಿದರು.

"ಮೋರಿಗೆ. ಶೀಲಾವತಿಗೊಂದು, ಕೊರಗನಿಗೊಂದು. ನೈವೇದ್ಯದ್ದು."

ಗಲ್ಲಾದಲ್ಲಿ ಧಣಿ ಯಾರಿಗೋ ಹೇಳುತ್ತಿದ್ದ, ಎಂಟು ದಿನವಾಯಿತು, ಒಂದಗುಳು ಮುಟ್ಟಿಲ್ಲ ನೋಡಿ. ತಿಳಿನೀರಿನಲ್ಲಿ ಆರೂ ವ್ರತಸ್ಥರು ಗಾಜಿಗೆ ಮೂತಿ ಒತ್ತಿ, ದೂಜನ ಜೇಬನ್ನೇ ನೋಡುತ್ತಿದ್ದರು.