ನೂರು ಅಳಿಸಿ ತೊಂಬತ್ತೆರಡು

ಐದು ವರ್ಷ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು, ಕೆನ್ನೆ ಹಿಡಿದುಕೊಂಡು ಬಂದವರಿಗೆಲ್ಲ ಸಮಯ ಬರೆದುಕೊಟ್ಟವಳು ಅವಳು. ಇಪ್ಪತ್ತೆಂಟು ತುಂಬಿದ ಮೇಲೆ ಅದನ್ನು ಬಿಟ್ಟು ಟೀಚರ್ ಟ್ರೈನಿಂಗಿಗೆ ಸೇರಿದಳು. "ಹಲ್ಲು ಕೀಳಿಸ್ಕೊಳ್ಳೋಕೆ ಬಂದವರನ್ನೇ ನಗಿಸ್ತಿದ್ದೋಳು ನೀನು, ಮಕ್ಕಳೇನು ಮಹಾ" ಎಂದು ಅಕ್ಕ ಹುರಿದುಂಬಿಸಿದ್ದಳು. ಅವಳ ವಾಸ ಅಕ್ಕನ ಮನೆಯಲ್ಲೇ. ಮೂರನೇ ಮಹಡಿಯ ಎರಡು ಕೋಣೆಯ ಮನೆ ಅದು. ಭಾವ ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟುಗಳನ್ನೆಲ್ಲ ಓಡಿಸುವವನ ಮನೆಗೇ ಲಿಫ್ಟಿಲ್ಲ ಅನ್ನುವುದು ಆ ಮನೆಯ ಹಳೇ ತಮಾಷೆ.

ಕಾಲೇಜಿನವರು ಅವಳನ್ನು ಆರು ವಾರದ ಅಭ್ಯಾಸಕ್ಕೆಂದು ಒಂದು ಶಾಲೆಗೆ ಕಳಿಸಿದರು. ಸಿಕ್ಕಿದ್ದು ಆರನೇ ತರಗತಿ, ಮೂವತ್ತೊಂದು ಮಕ್ಕಳು. ಮಕ್ಕಳ ಬಾಯಲ್ಲಿ ಅವಳು ಹೊಸ ಟೀಚರ್. ಆ ತರಗತಿಯ ನಿಜವಾದ ಶಿಕ್ಷಕಿ ಇಪ್ಪತ್ತಾರು ವರ್ಷದ ಅನುಭವಸ್ಥೆ, ಅವರು ದೊಡ್ಡ ಟೀಚರ್. ಹೊಸಬಳ ಪಾಠ ನೋಡಿ ಅಂಕ ಕೊಡುವವರೂ ಅವರೇ. ಹಿಂದಿನ ಬೆಂಚಿನ ಮೂಲೆಯಲ್ಲಿ, ಮಡಿಲಲ್ಲೊಂದು ಫೈಲಿಟ್ಟುಕೊಂಡು ಕೂರುತ್ತಿದ್ದರು.

ಮೂರು ವಾರ ಎಲ್ಲ ಹೂವಿನ ಸರ ಎತ್ತಿದಷ್ಟು ಸಲೀಸಾಗಿ ನಡೆಯಿತು. ಅಷ್ಟು ಸಲೀಸಾಗಿ ನಡೆದಾಗಲೇ ಏನೋ ಇದೆ ಅಂತ ಅನುಮಾನ ಬರಬೇಕಿತ್ತು. ಆದರೆ ಹೊಸಬರಿಗೆ ಅಂಥ ಅನುಮಾನ ಎಲ್ಲಿಂದ ಬರಬೇಕು? ಜೊತೆಗೆ ಓದಿದವರು ಬೇರೆ ಬೇರೆ ಶಾಲೆಗಳಿಂದ ಫೋನು ಮಾಡಿ, ಮಕ್ಕಳು ತಲೆ ಮೇಲೆ ಕೂರ್ತಾರೆ ಅಂತ ಗೋಳಾಡುತ್ತಿದ್ದರು. ಇವಳ ಮಕ್ಕಳೋ ಒಬ್ಬರೂ ಎದುರಾಡಿದವರಲ್ಲ. ನನ್ನ ಕೈಗುಣ ಅಂದುಕೊಂಡಳು.

ನಾಲ್ಕನೇ ವಾರದ ಸೋಮವಾರ ವೇಗ ಮತ್ತು ದೂರದ ಪಾಠ. ಗೋಡೆಯ ಸ್ಮಾರ್ಟ್ ಬೋರ್ಡಿನ ಮೇಲೆ ಲೆಕ್ಕ ಬರೆದಳು: ಒಂದು ಬಸ್ಸು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ 2 ಗಂಟೆ 30 ನಿಮಿಷ ಓಡಿದರೆ ಎಷ್ಟು ದೂರ ಹೋಗುತ್ತದೆ? ಬಿಡಿಸುವ ದಾರಿಯನ್ನೂ ತೋರಿಸಿದಳು. ಮೊದಲು ಸಮಯವನ್ನು 2.30 ಅಂತ ಬರೆಯಿರಿ, ಆಮೇಲೆ ನಲವತ್ತರಿಂದ ಗುಣಿಸಿ. ಮಕ್ಕಳು ತಂತಮ್ಮ ಟ್ಯಾಬಿನ ಮೇಲೆ ಪೆನ್ನಾಡಿಸಿ ಉತ್ತರ ಕಳಿಸಿದರು. ಬೋರ್ಡಿನ ಮೇಲೆ ಒಂದೊಂದೇ ಚೌಕ ಹಸಿರಾಗುತ್ತ ಬಂತು. ಮೂವತ್ತೊಂದಕ್ಕೆ ಮೂವತ್ತೊಂದು. ಎಲ್ಲರದೂ ತೊಂಬತ್ತೆರಡು ಕಿಲೋಮೀಟರ್.

ದೊಡ್ಡ ಟೀಚರ್ ಹಿಂದಿನಿಂದ ತಲೆಯೆತ್ತಿ ಬೋರ್ಡಿನ ಹಸಿರು ನೋಡಿ, "ಭೇಷ್" ಅಂದು ಫೈಲಿನಲ್ಲಿ ಏನೋ ಬರೆದರು. ಆವತ್ತು ಹೊಸ ಟೀಚರಿಗೆ ಮೂರು ಮಹಡಿ ಹತ್ತಿದ್ದೇ ಗೊತ್ತಾಗಲಿಲ್ಲ.

ಕಾಲೇಜಿಗೆ ಒಂದು ವರದಿ ಕೊಡಬೇಕಿತ್ತು. ಜಾಣ, ಸಾಧಾರಣ, ಹಿಂದುಳಿದ ಎಂದು ಮೂರು ಮಕ್ಕಳನ್ನು ಆರಿಸಿಕೊಂಡು, ಅವರ ಕೆಲಸ ನೋಡಿ, ಅವರು ಹೇಗೆ ಯೋಚಿಸುತ್ತಾರೆ ಅಂತ ಬರೆಯುವುದು. ಆ ಟ್ಯಾಬುಗಳಲ್ಲಿ ಅದಕ್ಕೊಂದು ಅನುಕೂಲವಿತ್ತು. ಮಗು ಬರೆದದ್ದು, ತಡೆದದ್ದು, ಅಳಿಸಿದ್ದು ಎಲ್ಲವೂ ಉಳಿದಿರುತ್ತಿತ್ತು. ಗುಂಡಿ ಒತ್ತಿದರೆ ಕಾಣದ ಕೈಯೊಂದು ಮತ್ತೆ ಮೊದಲಿಂದ ಬರೆದಂತೆ ಗೆರೆಗಳು ಮೂಡುತ್ತಿದ್ದವು.

ಮಂಗಳವಾರ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತು ಮೊದಲು ವಕೀಲಮ್ಮನ ಉತ್ತರ ತೆಗೆದಳು. ಕನ್ನಡಕದ ಆ ಹುಡುಗಿಗೆ, ಯಾವುದಕ್ಕೂ ಪಾಯಿಂಟು ಹಾಕಿ ಮಾತಾಡುತ್ತಾಳೆಂದು ಆ ಹೆಸರು. ಪರದೆಯ ಮೇಲೆ ಗೆರೆ ಓಡಿತು. ನೂರು ಅಂತ ಬರೆಯಿತು. ನಿಂತಿತು. ನೂರು ಅಳಿಯಿತು. ತೊಂಬತ್ತೆರಡು ಬಂತು.

ಹೊಸ ಟೀಚರಿಗೆ ಖುಷಿಯಾಯಿತು. 'ಮೊದಲು ಅಂದಾಜಿನಿಂದ ತಪ್ಪು ಉತ್ತರ ಬರೆದು, ನಂತರ ಕಲಿಸಿದ ವಿಧಾನ ನೆನಪಿಸಿಕೊಂಡು ತಾನೇ ತಿದ್ದಿಕೊಂಡಿದ್ದಾಳೆ' ಎಂದು ವರದಿಯಲ್ಲಿ ಬರೆದಳು.

ಎರಡನೆಯವನದು ತೆಗೆದಳು. ನೂರು, ಅಳಿಸಿ ತೊಂಬತ್ತೆರಡು. ಮೂರನೆಯವನು ಗುಂಡ, ಲೆಕ್ಕದಲ್ಲಿ ಯಾವಾಗಲೂ ಕೊನೆಯವನು. ಅವನದೂ ನೂರು. ಅವನು ಮಾತ್ರ ನೂರರ ಕೆಳಗೆ ಎರಡು ಗೆರೆ ಎಳೆದಿದ್ದ. ತುಂಬಾ ಹೊತ್ತು ಪೆನ್ನು ಅಲುಗಾಡಿಲ್ಲ. ಆಮೇಲೆ ಗೆರೆ ಸಮೇತ ಅಳಿಸಿ ತೊಂಬತ್ತೆರಡು ಬರೆದಿದ್ದ.

ಮೂವರೂ ಒಂದೇ ತಪ್ಪು ಮಾಡಿ ಒಂದೇ ಥರ ತಿದ್ದಿಕೊಂಡರೇ? ಅವಳ ಪೆನ್ನು ವರದಿಯ ಮೇಲೆ ನಿಂತಿತು. ಅಷ್ಟರಲ್ಲಿ ಕಾವಲಿನವನು ಬೀಗದಕೈ ಗೊಂಚಲು ಕುಲುಕಿಸುತ್ತ ಬಾಗಿಲಿಗೆ ಬಂದ. ಎಲ್ಲರ ಉತ್ತರ ಕಾಣುವ ತನ್ನ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು.

ಭಾವ ಆಗಷ್ಟೇ ಬಂದು ಹೊಸ್ತಿಲಲ್ಲಿ ಕೂತು ಷೂ ಬಿಚ್ಚುತ್ತಿದ್ದ. ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಭಾವ, ಗಂಟೆಗೆ ನಲವತ್ತು ಕಿಲೋಮೀಟರ್ ಹೋಗೋ ಬಸ್ಸು ಎರಡೂವರೆ ಗಂಟೇಲಿ ಎಷ್ಟು ದೂರ ಹೋಗುತ್ತೆ?"

"ನೂರು" ಅಂದ ಭಾವ, ತಲೆ ಎತ್ತದೆ. "ಮಧ್ಯೆ ಟೀಗೆ ನಿಲ್ಲಿಸದಿದ್ರೆ."

ಎರಡೂವರೆ. ಆ ಮಾತು ತನ್ನ ಬಾಯಿಂದಲೇ ಬಂದಿತ್ತು. ಎರಡೂವರೆ ಅಂದರೆ ಎರಡು ಮತ್ತು ಅರ್ಧ. ಎರಡು ಗಂಟೆಗೆ ಎಂಬತ್ತು, ಅರ್ಧ ಗಂಟೆಗೆ ಇಪ್ಪತ್ತು. ಮೂರನೇ ಕ್ಲಾಸಿನ ಮಗುವೂ ಬೆರಳೆಣಿಸಿ ಹೇಳುವ ಲೆಕ್ಕ. ಕ್ಲಿನಿಕ್ಕಿನ ಡೈರಿಯಲ್ಲಿ ಐದು ವರ್ಷ 2.30, 3.15, 4.45 ಅಂತ ಬರೆದು ಬರೆದು, ಆ ಚುಕ್ಕೆ ಬೇರೆ, ಲೆಕ್ಕದ ದಶಮಾಂಶದ ಚುಕ್ಕೆ ಬೇರೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಉತ್ತರ ತೊಂಬತ್ತೆರಡು ಅಂತ ಯಂತ್ರಕ್ಕೆ ಹೇಳಿಕೊಟ್ಟವಳೂ ತಾನೇ. ಅದಕ್ಕೇನು, ಹೇಳಿದ್ದಕ್ಕೆ ಹಸಿರು ತೋರಿಸಿತ್ತು.

"ಏನಾಯ್ತೇ? ಮುಖ ಯಾಕೆ ಹಾಗೆ ಬಿಳಿಚ್ಕೊಂಡಿದೆ?" ಎಂದಳು ಅಕ್ಕ.

ತಂಗಿ ಅಲ್ಲೇ ಮಂಚದ ತುದಿಗೆ ಕೂತು ಟ್ಯಾಬು ತೆಗೆದು ಮೂವತ್ತೊಂದನ್ನೂ ನೋಡಿದಳು. ನೂರು, ಅಳಿಸಿ ತೊಂಬತ್ತೆರಡು. ನೂರು, ಅಳಿಸಿ ತೊಂಬತ್ತೆರಡು. ಗರ ಬಡಿದವಳಂತೆ ಕೂತು ಎಣಿಸಿದಳು. ಇಪ್ಪತ್ತೇಳು ಮಕ್ಕಳು ಮೊದಲು ಸರಿ ಬರೆದು, ಆಮೇಲೆ ಕೈಯಾರೆ ಅಳಿಸಿ ತಪ್ಪು ಬರೆದಿದ್ದರು. ಉಳಿದ ನಾಲ್ವರು ಅವಳು ಹೇಳಿಕೊಟ್ಟದ್ದನ್ನೇ ನಂಬಿ ನೇರವಾಗಿ ತೊಂಬತ್ತೆರಡು ಬರೆದಿದ್ದರು. ಆ ನಾಲ್ವರ ಹೆಸರಿನ ಮುಂದೆ ಗುರುತು ಹಾಕಿಕೊಂಡಳು.

ತಾನು ತಪ್ಪು ಮಾಡಿದ್ದು ಅವಳಿಗೆ ಅರ್ಥವಾಯಿತು. ಮಕ್ಕಳು ಹೀಗೇಕೆ ಮಾಡಿದರು ಅನ್ನುವುದು ಅರ್ಥವಾಗಲಿಲ್ಲ.

ಬುಧವಾರ ಮೊದಲ ಗಂಟೆಗೆ, ದೊಡ್ಡ ಟೀಚರ್ ಬರುವ ಮುಂಚೆಯೇ, ಅವಳು ಬೋರ್ಡಿನ ಮೇಲೆ ಎರಡೇ ಸಂಖ್ಯೆ ಬರೆದಳು. 100. 92.

"ಸೋಮವಾರ ನಾನು ತಪ್ಪು ಹೇಳ್ಕೊಟ್ಟೆ. ಉತ್ತರ ನೂರು. ನಿಮಗೆ ಅದು ಗೊತ್ತಿತ್ತು. ಬರೆದೂ ಇದ್ರಿ. ಯಾಕೆ ಅಳಿಸಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇಬ್ಬರು ಮೂವರು ಟ್ಯಾಬನ್ನು ಮೆಲ್ಲಗೆ ಬೋರಲು ಹಾಕಿದರು.

"ಬೈಯಲ್ಲ. ಸುಮ್ನೆ ಹೇಳಿ."

ಎಲ್ಲರ ಕಣ್ಣೂ ವಕೀಲಮ್ಮನ ಕಡೆ ಹೊರಳಿದವು. ಅವಳು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡಳು.

"ಟೀಚರ್, ಹೋದ ವರ್ಷ ನಮಗೆ ಒಬ್ಬ ಟ್ರೈನಿಂಗ್ ಸರ್ ಬಂದಿದ್ರು. ಉದ್ದಕ್ಕಿದ್ರು. ಚೆನ್ನಾಗಿ ಕಥೆ ಹೇಳೋರು. ಒಂದಿನ ಭಾಗಾಕಾರ ತಪ್ಪು ಬರೆದ್ರು. ನಾನು ಎದ್ದು, ಸರ್ ಅದು ತಪ್ಪು ಅಂದೆ. ನನ್ನ ಹಿಂದೆ ಕೂತಿರೋ ಇವನೂ ಅಂದ. ಎಲ್ಲರೂ ಅಂದ್ವಿ. ದೊಡ್ಡ ಟೀಚರ್ ಹಿಂದೆ ಕೂತಿದ್ರು. ಮಾರನೇ ದಿನ ಸರ್ ಬರಲಿಲ್ಲ. ಆಮೇಲೂ ಬರಲೇ ಇಲ್ಲ."

"ಅದಕ್ಕೆ?"

"ಅದಕ್ಕೆ ನೀವು ಬಂದ ದಿನವೇ ಮಾತಾಡ್ಕೊಂಡ್ವಿ. ನೀವು ಏನು ಬರೀತೀರೋ ನಾವೂ ಅದನ್ನೇ ಬರಿಯೋದು ಅಂತ. ಆರು ವಾರ ತಾನೇ."

ಹೊಸ ಟೀಚರ್ ಮೇಜಿನ ಅಂಚು ಹಿಡಿದುಕೊಂಡಳು. ಎದುರಾಡದ ಮಕ್ಕಳು. ಸಲೀಸಾಗಿ ನಡೆದ ಮೂರು ವಾರ. ನನ್ನ ಕೈಗುಣ. ಒಂದೊಂದೂ ತಲೆಯೊಳಗೆ ಬಿದ್ದು ಒಡೆಯುತ್ತಿತ್ತು.

"ಹಾಗಾದ್ರೆ," ಅಂದಳು ಅವಳು, "ಇದೊಂದೇನಾ? ಇನ್ನೂ ಇದ್ಯಾ?"

ಮಕ್ಕಳು ವಕೀಲಮ್ಮನ ಚೀಲದ ಕಡೆ ನೋಡಿದರು. ಕೊನೆಗೆ ಗುಂಡ, "ಕೊಟ್ಬಿಡೇ" ಅಂದ. ವಕೀಲಮ್ಮ ಚೀಲದಿಂದ ಒಂದು ನೋಟ್‌ಬುಕ್ ತೆಗೆದು, ಕೊನೆಯ ಪುಟ ಬಿಡಿಸಿ, ಎರಡೂ ಕೈಯಲ್ಲಿ ತಂದುಕೊಟ್ಟಳು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಟೀಚರ್ ಪಾಸಾದ ಮೇಲೆ ಹೇಳಬೇಕಾದ್ದು.' ಕೆಳಗೆ ತಾರೀಖು ಸಮೇತ ಹನ್ನೊಂದು ಸಾಲು.

ತಿಮಿಂಗಿಲ ದೊಡ್ಡ ಮೀನು ಅಂದರು, ಮೀನಲ್ಲ. ಅಭ್ಯಾಸ ಅನ್ನುವುದನ್ನು ಅಬ್ಯಾಸ ಅಂತ ಬರೆದರು. ಸೊನ್ನೆ ಸಮಸಂಖ್ಯೆ ಅಂದರು, ಅಲ್ಲ. ಓದುತ್ತ ಓದುತ್ತ ಅವಳ ಕಿವಿ ಬಿಸಿಯಾಯಿತು. ಏಳನೇ ಸಾಲು: 'ಗುಂಡ ಮಾತಾಡಿರಲಿಲ್ಲ. ಆದರೂ ಗುಂಡನಿಗೆ ಬೈದರು. ಮಾತಾಡಿದ್ದು ನಾನು.'

ಅಲ್ಲಿಂದ ಮುಂದಿನ ಸಾಲಿಗೆ ಅವಳ ಕಣ್ಣು ಹೋಗಲಿಲ್ಲ. ಆ ದಿನ ಅವಳಿಗೆ ನೆನಪಿತ್ತು. ಗುಂಡನನ್ನು ಇಡೀ ಗಂಟೆ ನಿಲ್ಲಿಸಿದ್ದಳು. ಅವನು ಒಂದೇ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಹಾಗೆ ಸುಮ್ಮನಿದ್ದದ್ದನ್ನೇ ತಪ್ಪೊಪ್ಪಿಗೆ ಅಂದುಕೊಂಡಿದ್ದಳು.

"ಮನೆ ಲೆಕ್ಕದ ಪುಟ ಬಿಡಿಸಿ ಮಾಡ್ತಿರಿ. ಬಂದೆ" ಅಂದು, ನೋಟ್‌ಬುಕ್ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ನಡೆದಳು.

ದೊಡ್ಡ ಟೀಚರ್ ಒಬ್ಬರೇ ಕಿಟಕಿ ಪಕ್ಕ ಕೂತು ಉತ್ತರ ಪತ್ರಿಕೆ ನೋಡುತ್ತಿದ್ದರು. ಹೊಸ ಟೀಚರ್ ಒಂದನ್ನೂ ಮುಚ್ಚಿಡದೆ ಹೇಳಿದಳು. ತಾನು ಮಾಡಿದ ತಪ್ಪು, ಇಪ್ಪತ್ತೇಳು ಅಳಿಸಿದ ನೂರುಗಳು, ಹೋದ ವರ್ಷದ ಸರ್, ಪಟ್ಟಿ. ಕೆಂಪು ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಅವರು ಕೇಳಿದರು.

"ನಾನೂ ಅಲ್ಲೇ ಕೂತಿದ್ದೆನಲ್ಲಮ್ಮ" ಅಂದರು. "ಬೋರ್ಡಿನ ಲೆಕ್ಕ ನೋಡಲೇ ಇಲ್ಲ. ಫೈಲಿನ ಮರೆಯಲ್ಲಿ ಮೊಬೈಲಿಟ್ಕೊಂಡು ಹಾಜರಿ ತುಂಬ್ತಿದ್ದೆ. ಹಸಿರು ಕಾಣಿಸ್ತು, ಭೇಷ್ ಅಂದೆ."

ಪಟ್ಟಿಯನ್ನು ಇಸಿದುಕೊಂಡು ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಹುಡುಗ ಹೋದದ್ದು ಮಕ್ಕಳಿಂದಲ್ಲ. ಮಕ್ಕಳು ತಪ್ಪು ಹೇಳಿದಾಗ ಅವನು ನಕ್ಕು ತಿದ್ದಿಕೊಂಡ. ನಾನೇ ಎದ್ದುನಿಂತು, ಐದನೇ ಕ್ಲಾಸಿನ ಲೆಕ್ಕ ಬರದವನು ಇಲ್ಲಿಗೆ ಯಾಕೆ ಬಂದೆ ಅಂತ ಅವರೆದುರೇ ಅಂದುಬಿಟ್ಟೆ. ಆವತ್ತು ನನಗೇನಾಗಿತ್ತೋ. ಸಂಜೆ ಕಾಲೇಜಿಗೆ ಫೋನು ಮಾಡಿ ಟ್ರೈನಿಂಗನ್ನೇ ಬಿಟ್ಟುಬಿಟ್ಟನಂತೆ. ಅದು ಮಕ್ಕಳ ತಲೆಗೆ ಹೀಗೆ ಹೋಗಿ ಕೂತಿರುತ್ತೆ ಅಂತ..." ಇವರು ಬೈಯುತ್ತಾರೆಂದು ಸಿದ್ಧವಾಗಿ ಬಂದಿದ್ದ ಹೊಸ ಟೀಚರ್ ನೀರಿನ ಲೋಟ ಮುಂದೆ ಸರಿಸಿದಳು, ಅಷ್ಟೆ.

ಇಬ್ಬರೂ ಒಟ್ಟಿಗೆ ತರಗತಿಗೆ ಬಂದರು. ಮಕ್ಕಳು ಎದ್ದು ನಿಂತರು. ಕೂತುಕೊಳ್ಳಿ ಅಂತ ಯಾರೂ ಹೇಳಲಿಲ್ಲವಾದ್ದರಿಂದ ನಿಂತೇ ಇದ್ದರು.

"ಹೋದ ವರ್ಷದ ಸರ್ ಹೋದದ್ದು ನೀವು ತಪ್ಪು ತೋರಿಸಿದ್ದಕ್ಕಲ್ಲ" ಅಂದರು ದೊಡ್ಡ ಟೀಚರ್. "ನಾನು ಅವರಿಗೆ ಕೆಟ್ಟದಾಗಿ ಮಾತಾಡಿದ್ದಕ್ಕೆ. ತಪ್ಪು ನಂದು. ನಿಮ್ಮದಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಟೀಚರ್ ತಪ್ಪು ನಂದು ಅಂದದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿದವರಲ್ಲ. ವಕೀಲಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ವರ್ಷವಿಡೀ ಆ ಭಾರ ಹೊತ್ತವಳು ಅವಳೇ ತಾನೇ, ಮೊದಲು ಎದ್ದು ನಿಂತದ್ದು ಅವಳಾದ್ದರಿಂದ. ಅವಳು ಕೂತುಬಿಟ್ಟಳು. ಮುಖವನ್ನು ಬೆಂಚಿಗಿಟ್ಟು ಅತ್ತಳು, ಸದ್ದಿಲ್ಲದೆ. ಪಕ್ಕದವಳು ಬೆನ್ನು ನೇವರಿಸುತ್ತಿದ್ದಳು.

ಹೊಸ ಟೀಚರ್ ಮೊದಲು ಗುಂಡನ ಬಳಿ ಹೋದಳು. "ಆವತ್ತು ನೀನು ಮಾತಾಡಿರಲಿಲ್ಲ. ನಿನ್ನನ್ನ ನಿಲ್ಲಿಸಿದ್ದು ತಪ್ಪು. ಸುಮ್ನೆ ಯಾಕಿದ್ದೆ?"

"ನಿಮಗೆ ಅಂಕ ಹೋಗುತ್ತಲ್ಲ ಟೀಚರ್" ಅಂದ ಅವನು, ಬೆಂಚು ಕೆರೆಯುತ್ತ. ಅವಳು ಸಟ್ಟನೆ ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸಿದಳು.

ಆ ದಿನವೂ ಮಾರನೆಯ ದಿನವೂ ಲೆಕ್ಕದ ಗಂಟೆ ಆ ಪಟ್ಟಿಗೇ ಹೋಯಿತು. ಹನ್ನೊಂದರಲ್ಲಿ ಎಂಟು ಅವಳ ತಪ್ಪು, ಮೂರು ಮಕ್ಕಳದು. ಸೊನ್ನೆ ಸಮಸಂಖ್ಯೆಯೇ ಅಂತ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ವಕೀಲಮ್ಮ ಪಾಯಿಂಟಿನ ಮೇಲೆ ಪಾಯಿಂಟು ಹಾಕಿದಳು. ತೊಂಬತ್ತೆರಡನ್ನು ನಂಬಿದ್ದ ನಾಲ್ವರನ್ನು ಮುಂದಿನ ಬೆಂಚಿಗೆ ಕರೆದು, ಗಡಿಯಾರದ ಮುಳ್ಳು ತಿರುಗಿಸಿ ಅರ್ಧ ಗಂಟೆ ಅಂದರೇನು ಅಂತ ಹೊಸದಾಗಿ ಕಲಿಸಿದಳು.

ಬರೆದಿದ್ದ ವರದಿಯನ್ನು ಹರಿದು ಬೇರೆ ಬರೆದಳು. ದೊಡ್ಡ ಟೀಚರ್ ಸೋಮವಾರದ ಪಾಠಕ್ಕೆ ತಾವು ಕೊಟ್ಟಿದ್ದ ಅಂಕ ಹೊಡೆದುಹಾಕಿ ಕಮ್ಮಿ ಅಂಕ ಕೊಟ್ಟರು. 'ಪರಿಶೀಲಕಿಯೂ ಗಮನಿಸಲಿಲ್ಲ' ಅಂತ ತಮ್ಮ ಹೆಸರಿನ ಪಕ್ಕ ತಾವೇ ಬರೆದು ಸಹಿ ಹಾಕಿದರು. ಪಾಸಾಗಲು ತೊಂದರೆಯೇನೂ ಆಗಲಿಲ್ಲ. ಆದರೆ ಆಮೇಲೆ ಬಹಳ ದಿನ, ತರಗತಿ ಗಪ್‌ಚಿಪ್ ಆದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಬೋರ್ಡಿನ ಕಡೆ ತಿರುಗಿ ತಾನು ಬರೆದದ್ದನ್ನೇ ಮತ್ತೊಮ್ಮೆ ಓದುತ್ತಿದ್ದಳು.

ಪಟ್ಟಿ ಕೈಗೆ ಬಂದ ಆ ಬುಧವಾರ ಕೊನೆಯ ಗಂಟೆ ಹೊಡೆದ ಮೇಲೆ ವಕೀಲಮ್ಮ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು.

"ಟೀಚರ್, ನಾಳೆ ಬರ್ತೀರಾ?"

"ಬರ್ತೀನಿ."

ಮಾರನೇ ಬೆಳಿಗ್ಗೆ ಅವಳು ದಿನಕ್ಕಿಂತ ಹತ್ತು ನಿಮಿಷ ಮೊದಲೇ ಬಸ್ಸಿಳಿದಳು. ಶಾಲೆಯ ಗೇಟಿನ ಬಳಿ ಏಳೆಂಟು ಮಕ್ಕಳು ರಸ್ತೆಯ ಕಡೆಗೇ ಕಣ್ಣಿಟ್ಟು ನಿಂತಿದ್ದರು. ಅವಳನ್ನು ಕಂಡದ್ದೇ ತಡ, ತಾವು ಅಲ್ಲಿ ನಿಂತೇ ಇರಲಿಲ್ಲ ಅನ್ನುವ ಹಾಗೆ ಒಳಗೆ ಓಡಿಹೋದರು.